ಭಟ್ಟರ ಕೈ, ವ್ಯಾನಿನ ಬಾಗಿಲು

ಎರಡು ಲಕ್ಷದ ಹತ್ತು ಸಾವಿರ, ಭಟ್ರೇ. ಇನ್ನೊಂದು ಸಲ ಹೇಳ್ತೀನಿ ಕೇಳಿ, ಎರಡು ಲಕ್ಷದ ಹತ್ತು ಸಾವಿರ. ಆರುನೂರು ಎಲೆ, ಎಲೆಗೆ ಮುನ್ನೂರೈವತ್ತು. ತೀರ್ಥಹಳ್ಳಿಯಲ್ಲಿ ಈ ವರ್ಷ ಇಷ್ಟು ದೊಡ್ಡ ಮದುವೆ ಊಟ ಇನ್ನೊಂದಿಲ್ಲ. ಅದಕ್ಕೆ ನೀವು ಒಂದು ಸೌಟೂ ಎತ್ತೋದು ಬೇಡ. ಬಂದು ಕೂತ್ರೆ ಆಯ್ತು. ಒಲೆ ಮುಂದೆ ಶಿವರಾಮ ಇರ್ತಾನೆ. ಇಷ್ಟು ವರ್ಷ ನಿಮ್ಮ ಕೈಕೆಳಗೆ ದುಡಿದವನು ತಾನೇ? ನೀವು ಅವನ ಹಿಂದೆ ಒಂದು ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ಮದುವೆ ಮನೆಯವರು ಬಂದು ಇಣುಕಿದಾಗ ಸುಮ್ಮನೆ ತಲೆ ಆಡಿಸಿ. ತಲೆಗೇನೂ ಆಗಿಲ್ಲವಲ್ಲ?

...ನಗಬೇಕಿತ್ತು ನೀವು. ತಮಾಷೆಗೆ ಹೇಳಿದ್ದು.

ಸರಿ, ಏಳಬೇಡಿ. ಜಗಲಿ ಮೇಲೇ ಕೂತಿರಿ. ಮಾತಾಡ್ತಾ ಮಾತಾಡ್ತಾ ನಾನು ಈ ಬಾಗಿಲಿನ ಕೆಲಸ ಮುಗಿಸ್ತೀನಿ. ಹೌದು, ಅದೇ ವ್ಯಾನು. ಅದೇ ಹಿಂಬಾಗಿಲು. ಅದಕ್ಕೇ ನಿಮ್ಮ ಜಗಲಿಗೆ ತಾಗೋ ಹಾಗೆ ಹಿಂದೆ ತಂದು ನಿಲ್ಲಿಸಿದ್ದು, ನಿಮಗೆ ಚೆನ್ನಾಗಿ ಕಾಣಲಿ ಅಂತ. ಸಾಗರದಲ್ಲೇ ಮಾಡಿಸಬಹುದಿತ್ತು. ಮೆಕ್ಯಾನಿಕ್ ಜಟ್ಟಪ್ಪ ಅಂದ, 'ಬಿಟ್ಟು ಹೋಗಿ ಸೀತಾರಾಮಪ್ಪನೋರೆ, ಅರ್ಧ ಗಂಟೆ ಕೆಲಸ.' ಬೇಡ ಮಾರಾಯ, ಹೇಗೆ ಹಾಕೋದು ಅಂತ ತೋರಿಸಿಕೊಡು ಸಾಕು, ಹೊಸನಗರಕ್ಕೆ ಹೋಗಿ ಭಟ್ರ ಕಣ್ಣೆದುರಿಗೇ ಹಾಕ್ತೀನಿ ಅಂದೆ. ನಾಡಿದ್ದು ಇದೇ ವ್ಯಾನಲ್ಲಿ ತಾನೇ ನಾವು ತೀರ್ಥಹಳ್ಳಿಗೆ ಹೋಗೋದು? ಹತ್ತುವಾಗ ನಿಮ್ಮ ಮನಸ್ಸಿನಲ್ಲಿ ಅಳುಕಿರಬಾರದು. ವ್ಯಾಪಾರ ಅಂದ್ಮೇಲೆ ಮಾಲು ತೋರಿಸಿ ಮಾತಾಡಬೇಕು, ನಾನು ಹಾಗೆ ಬೆಳೆದವನು.

ನೋಡಿ, ಇದೇ ಶಾಕು. ಜೋಡಿ. ಸೈಕಲ್ ಪಂಪಿನ ಹಾಗಿದೆ ಅಲ್ವಾ? ಒಳಗೆ ಗ್ಯಾಸು. ಬಾಗಿಲು ಮೇಲೆತ್ತಿದ್ರೆ ಇದು ಉದ್ದ ಆಗಿ ಎರಡೂ ಕಡೆಯಿಂದ ಒತ್ತಿ ಹಿಡಿಯತ್ತೆ. ಗ್ಯಾಸು ಹೋಯ್ತು ಅನ್ನಿ, ಆಮೇಲೆ ಬಾಗಿಲು ಯಾರ ಮಾತೂ ಕೇಳಲ್ಲ. ಒತ್ತಿ ನೋಡಿ ಬೇಕಾದ್ರೆ, ಎಷ್ಟು ಗಟ್ಟಿ... ಅಲ್ಲ, ಎಡಗೈಯಲ್ಲಿ. ಎಡಗೈಯಲ್ಲಿ ಅಂತಲೇ ಹೇಳಿದ್ದು ನಾನು.

ಬೇಡ್ವಾ? ಬೇಡ ಬಿಡಿ.

ಮೊದಲು ಬಾಗಿಲು ಎತ್ತಿ ಏನಾದರೂ ಆನಿಸಬೇಕು. ಎಲ್ಲಿ ಸಟ್ಟುಗ... ಹಾಂ, ನಿಮ್ಮದೇ ಸಟ್ಟುಗ. ಪಾಯಸ ತಿರುವೋ ಹಲಸಿನ ಮರದ್ದು, ಎದೆಮಟ್ಟ. ಇದರಷ್ಟು ದುಡಿದ ಸೌಟು ಈ ಮೂರು ತಾಲೂಕಿನಲ್ಲಿ ಇನ್ನೊಂದಿರಲಿಕ್ಕಿಲ್ಲ. ಬೆಳಿಗ್ಗೆ ಕೊಪ್ಪರಿಗೆಯಲ್ಲಿ, ಮಧ್ಯಾಹ್ನದ ಮೇಲೆ ವ್ಯಾನಿನ ಬಾಗಿಲ ಕೆಳಗೆ. ಎರಡು ವರ್ಷ.

ಇಲ್ಲ, ಹೊಗಳಿಕೊಳ್ತಾ ಇಲ್ಲ. ಶಾಕು ಸತ್ತಿದೆ ಅಂತ ನನಗೆ ಗೊತ್ತಿತ್ತು, ಒಪ್ಕೋತೀನಿ. ಜಟ್ಟಪ್ಪ ಸರ್ವಿಸಿಗೆ ಬಿಟ್ಟಾಗೆಲ್ಲ ಹೇಳೋನು. ಜೋಡಿಗೆ ಸಾವಿರದ ಆರುನೂರು. ಹಾಕಿಸಬಹುದಿತ್ತು. ಆದ್ರೆ ಸಟ್ಟುಗ ಬಿಟ್ಟಿ ನಿಂತ್ಕೋತಿದ್ದಾಗ ಯಾವ ವ್ಯಾಪಾರಿ ಸಾವಿರದ ಆರುನೂರು ಬಿಚ್ಚುತ್ತಾನೆ ಹೇಳಿ. ನೀವಾದ್ರೂ ಬಿಚ್ತಿದ್ರಾ?

...ಬಿಚ್ತಿದ್ರಿ ಅನ್ಸತ್ತೆ. ನಿಮ್ಮದು ಬೇರೆ ಲೆಕ್ಕ. ಲಾಡಿನ ಪಾಕ ಸ್ವಲ್ಪ ಮುಂದೆ ಹೋಯ್ತು ಅಂತ ಹತ್ತು ಕೇಜಿ ಸಕ್ಕರೆಯ ಪಾಕ ಪಕ್ಕಕ್ಕೆ ಎತ್ತಿಟ್ಟು ಮತ್ತೆ ಹೊಸದು ಇಟ್ಟವರು ನೀವು. ನನ್ನ ಜೀವ ಹೋಗಿತ್ತು ಅವತ್ತು.

ಈಗ ಈ ತುದಿಯಲ್ಲಿ ಒಂದು ಕ್ಲಿಪ್ಪು ಇರತ್ತೆ, ಅದನ್ನ ಸಣ್ಣ ಸ್ಕ್ರೂಡ್ರೈವರಿನಲ್ಲಿ ಹೀಗೆ ಮೀಟಿ... ಬರಲ್ಲ ಅಂತದೆ. ತುಕ್ಕು. ಇರಿ. ನನ್ನ ತಲೆ ಒಳಗಿದೆ ಭಟ್ರೇ, ಸಟ್ಟುಗದ ಹತ್ರ ಕಾಲು ಚಾಚಬೇಡಿ ಮತ್ತೆ.

ಸುಮ್ಮನೆ ಅಂದೆ. ನೀವು ಹಾಗೆ ಮಾಡೋರಲ್ಲ, ಗೊತ್ತು. ಆದ್ರೂ ಕಾಲು ಸ್ವಲ್ಪ ಈಚೆ ಇಟ್ಕೊಳ್ಳಿ.

ಏನು ಹೇಳ್ತಿದ್ದೆ? ಹಾಂ, ನಿಮ್ಮ ಬಲಗೈಯ ಪ್ಲಾಸ್ಟರು. ಅದನ್ನ ಒಂದು ಶಾಲಿನಲ್ಲಿ ಮುಚ್ಚಿಕೊಳ್ಳಿ. ಒಳ್ಳೆ ಶಾಲು ನಾನೇ ತಂದಿದೀನಿ, ಜರಿ ಅಂಚಿನದು, ಸೀಟಿನ ಮೇಲಿದೆ. ದೊಡ್ಡ ಅಡುಗೆಯವರು ಶಾಲು ಹೊದ್ದು ಕೂತ್ರೆ ನೋಡೋರಿಗೂ ಒಂದು ಮರ್ಯಾದೆ. ಯಾಕೆ ಅಂದ್ರೆ ರವಿಶಂಕರ... ಹುಡುಗಿಯ ತಂದೆ, ಆರ್ಡರು ಕೊಟ್ಟವರು... ಅವರು ಮೊದಲನೇ ದಿನವೇ ಒಂದೇ ಮಾತು ಹೇಳಿದ್ರು. 'ಸೀತಾರಾಮಪ್ಪನೋರೆ, ಪಾತ್ರೆ ಯಾರದ್ದಾದ್ರೂ ಇರಲಿ, ಕೈ ಮಾತ್ರ ಗಿರಿಧರ ಭಟ್ರದ್ದೇ ಆಗಬೇಕು.' ಮಾಸ್ತಿಕಟ್ಟೆಯಲ್ಲಿ ಕೆಲಸಕ್ಕಿದ್ದಾಗ ಯಾವುದೋ ಉಪನಯನದಲ್ಲಿ ನಿಮ್ಮ ಲಾಡು ತಿಂದಿದ್ದಾರಂತೆ. ಮಗಳ ಮದುವೆಗೆ ಅದೇ ಲಾಡು ಬೇಕಂತೆ. ಕೈ ಕಟ್ಟಿದ್ದು ಕಂಡ್ರೆ ಹೆದರಿಕೊಳ್ತಾರೆ. ಊಟ ಆದ್ಮೇಲೆ ಕಂಡ್ರೆ ತೊಂದರೆ ಇಲ್ಲ.

ಲಾಡು ಶಿವರಾಮ ಕಟ್ತಾನೆ. ಪಾಕದ ಎಳೆ ನೋಡೋದಕ್ಕೆ ಮಾತ್ರ ಸ್ವಲ್ಪ... ಎಡಗೈಯಲ್ಲಿ ನೋಡೋಕೆ ಬರಲ್ವಾ ನಿಮಗೆ? ಹೆಬ್ಬೆರಳು ತೋರುಬೆರಳು ಎಡಗೈಯಲ್ಲೂ ಇದಾವಲ್ಲ.

...ಇಲ್ಲ, ಕೇಳಬಾರದಿತ್ತು. ಬಿಡಿ. ಡಾಕ್ಟ್ರು ಏನಂದ್ರು ಮೊನ್ನೆ? ಮೂಳೆ ಕೂಡ್ಕೊಳ್ಳತ್ತೆ ಅಂದ್ರಂತೆ. ತುದಿಯಲ್ಲಿ ಸ್ಪರ್ಶ ಬರತ್ತೋ ಇಲ್ವೋ ಈಗಲೇ ಹೇಳೋಕಾಗಲ್ಲ ಅಂದ್ರಂತೆ. ಬರತ್ತೆ ಭಟ್ರೇ. ಯಾಕೆ ಬರಲ್ಲ?

ಬಂತು ಕ್ಲಿಪ್ಪು. ನೋಡಿ, ಹಳೇ ಶಾಕು ಕೈಗೆ ಬಂತು. ಇದನ್ನ ಅದುಮಿ ನೋಡಿ, ಒಂದು ಬೆರಳಿಗೆ ಕೂತುಬಿಡತ್ತೆ. ಹೆಣ.

ಫೋನು... ಯಾರು? ರವಿಶಂಕರ. ನೆನೆದದ್ದೇ ತಡ. ಬಡ್ಕೊಳ್ಳಲಿ, ಈಗ ಎತ್ತಲ್ಲ. ನಿಮ್ಮ ಒಪ್ಪಿಗೆ ತಗೊಂಡೇ ಎತ್ತೋದು. ಯಾಕೆ, ನನ್ನ ಫೋನನ್ನ ಯಾಕೆ ಹಾಗೆ ನೋಡ್ತೀರಿ? ಹಳೇ ಫೋನೇ ಇದು.

ನಿಂತಿತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಅಕಸ್ಮಾತ್ ಅವರು ಪ್ಲಾಸ್ಟರು ನೋಡಿಬಿಟ್ರು ಅಂತಿಟ್ಕೊಳ್ಳಿ. ಹೇಗಾಯ್ತು ಅಂತ ಕೇಳ್ತಾರೆ. ಆಗ ನೀವೊಂದು ನಾನೊಂದು ಹೇಳಬಾರದು. ನಾನು ಊರಲ್ಲೆಲ್ಲ ಹೇಳಿದ್ದನ್ನೇ ನೀವೂ ಹೇಳಿ. ಚೆನ್ನಾಗಿದೆ ಅದು, ಕೇಳಿದವರೆಲ್ಲ ನಗ್ತಾರೆ. ನಕ್ಕ ಮೇಲೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ.

ಕಾರ್ಗಲ್‌ನಲ್ಲಿ ಇಂಜಿನಿಯರು ರಿಟೈರ್ ಆಗಿದ್ದಕ್ಕೆ ಊಟ. ಸರೀನಾ? ಮೂರೂವರೆಗೆ ಪಾತ್ರೆ ತುಂಬ್ತಿದ್ವಿ. ನಾನು ಬಾಗಿಲು ಎತ್ತಿ ಹಿಡಿದಿದ್ದೆ. ನೀವು ಬಗ್ಗಿ ಕೊಪ್ಪರಿಗೆ ಒಳಗೆ ದೂಡ್ತಿದ್ರಿ, ಕೈ ವ್ಯಾನಿನ ಅಂಚಿನ ಮೇಲಿತ್ತು. ನಾನು ಕೇಳಿದೆ, 'ಭಟ್ರೇ, ಸಟ್ಟುಗ ಇದ್ಯಾ?' ನೀವು ತಲೆ ಎತ್ತದೇ ಹೇಳಿದ್ರಿ, 'ಇಲ್ಲೆ.' ಅಷ್ಟೇ ಮಾತು. ಈಗ ನಾನು ಯಾರು? ದೀವರವನು. ನಮ್ಮ ಮಾತಿನಲ್ಲಿ ಇಲ್ಲೇ ಅಂದ್ರೆ ಇಲ್ಲೇ, ಈ ಜಾಗದಲ್ಲೇ. ಸಟ್ಟುಗ ಇಲ್ಲೇ ಇದೆ, ಆನಿಸಿ ಆಗಿದೆ ಅಂದ್ಕೊಂಡೆ. ಕೈ ಬಿಟ್ಟೆ. ನೀವು ಹವ್ಯಕರು, ನಿಮ್ಮ ಮನೆ ಮಾತಿನಲ್ಲಿ ಇಲ್ಲೆ ಅಂದ್ರೆ ಇಲ್ಲ ಅಂತ. ಸಟ್ಟುಗ ಅಂಗಳದ ಬಿಸಿಲಲ್ಲಿ ಒಣಗ್ತಿತ್ತು. ಬಿತ್ತು ಬಾಗಿಲು. ಒಂದು ದೀರ್ಘದ ವ್ಯತ್ಯಾಸ ಭಟ್ರೇ. ಯಾರ ತಪ್ಪು? ಯಾರದ್ದೂ ಅಲ್ಲ. ಭಾಷೆಯ ತಪ್ಪು.

ಡಾಕ್ಟ್ರು ಪ್ಲಾಸ್ಟರು ಹಾಕ್ತಾ ಹಾಕ್ತಾ ನಕ್ಕರು, ನೀವೇ ನೋಡಿದ್ರಿ. ಜಟ್ಟಪ್ಪ ಅಂತೂ ಹೊಟ್ಟೆ ಹಿಡ್ಕೊಂಡು ನಕ್ಕ. ಬಟ್ಟೆಮಲ್ಲಪ್ಪದಲ್ಲಿ ಚಾ ಕುಡಿಯೋಕೆ ನಿಂತಿದ್ದೆ, ಹೋಟೆಲಿನವನು ನಾನು ಬಾಯಿ ಬಿಡೋದಕ್ಕೆ ಮುಂಚೆಯೇ 'ಇಲ್ಲೆ ಅಂದ್ರೆ ಎಲ್ಲಿ ಸೀತಾರಾಮಪ್ಪನೋರೆ' ಅಂತ ಕೇಳಿದ. ಅಲ್ಲಿವರೆಗೆ ಹೋಗಿದೆ ಕತೆ. ನೀವೊಬ್ಬರೇ ನೋಡಿ, ಮೂರು ವಾರದಲ್ಲಿ ಒಂದು ಸಲವೂ ಮುಗುಳ್ನಗಲಿಲ್ಲ.

ಇದು ಕೂರ್ತಾ ಇಲ್ವಲ್ಲ. ಒತ್ತಿದ್ರೆ ಟಕ್ ಅಂತ ಗುಂಡಿನ ಮೇಲೆ ಕೂರಬೇಕು ಅಂದಿದ್ದ. ಅಳತೆ ತಪ್ಪು ಕೊಟ್ನಾ ಜಟ್ಟಪ್ಪ? ... ಎಂತ ತೋರಿಸ್ತೀರಿ ಭಟ್ರೇ? ತಿರುಗಿಸಿ ಹಾಕಬೇಕಾ? ಹೌದಲ್ಲ. ದಪ್ಪ ಕೊಳವೆ ಬಾಗಿಲ ಕಡೆಗೆ, ಸಪೂರ ಕಡ್ಡಿ ಕೆಳಗೆ. ಅವನು ಹೇಳಿದ್ದ, ನಾನೇ ಮರೆತೆ. ನೋಡಿ, ಕೈ ಕಟ್ಟಿ ಕೂತರೂ ನಿಮ್ಮ ಕಣ್ಣು ಕೆಲಸ ಮಾಡತ್ತೆ. ಅದಕ್ಕೇ ಹೇಳೋದು, ಬಂದು ಕೂತ್ರೆ ಸಾಕು ಅಂತ.

ಟಕ್. ಕೂತಿತು. ಒಂದು ಕಡೆ ಆಯ್ತು.

ಎಂತ ಮಹಾಲಕ್ಷ್ಮಮ್ಮ? ಸಕ್ಕರೆ ಇಲ್ಲೆಯಾ? ಅಯ್ಯೋ, ಇಲ್ದಿದ್ರೆ ಬೇಡ ಅಮ್ಮಾ, ಅಂಗಡಿಗೆಲ್ಲ ಹೋಗಬೇಡಿ. ಬೆಲ್ಲದ ಕಾಫಿಯೇ ಕೊಡಿ, ನನಗೂ ಶುಗರು. ...ಆಗ್ಲಿ ಆಗ್ಲಿ, ಬಿಸಿ ಇದ್ರೆ ಆಯ್ತು.

ನಿಮ್ಮ ಮನೆಯವರು ಪಾಪ, ನಾನು ಬಂದಾಗೆಲ್ಲ ಏನಾದ್ರೂ ಕೊಡದೇ ಕಳಿಸಲ್ಲ. ಎಲ್ಲಿದ್ದೆ ನಾನು? ಹಾಂ, ಭಾಷೆ. ರವಿಶಂಕರ ಕೇಳಿದ್ರೆ ನೀವು ಹೇಳಬೇಕಾದ್ದು ಇಷ್ಟೇ, ನಾನೊಂದು ಹೇಳಿದೆ, ಸೀತಾರಾಮಪ್ಪನಿಗೆ ಅದು ಇನ್ನೊಂದಾಗಿ...

ಯಾಕೆ? ಯಾಕೆ ಭಟ್ರೇ, ಹಾಗೆ ನೋಡ್ತೀರಿ? ಏನಂದೆ ನಾನೀಗ? ಬೆಲ್ಲದ ಕಾಫಿ ಕೊಡಿ ಅಂದೆ ಅಷ್ಟೇ. ಸಕ್ಕರೆ ಇಲ್ಲೆ ಅಂದ್ರು, ಬೇಡ ಅಂದೆ...

ಓ.

ಅದು ಬೇರೆ. ಅಡುಗೆಮನೆಯಿಂದ ಹೆಂಗಸರು ಸಕ್ಕರೆ ಇಲ್ಲೆ ಅಂತ ಕೂಗಿದ್ರೆ ಯಾರಿಗಾದ್ರೂ ಅರ್ಥ ಆಗತ್ತೆ. ಸಕ್ಕರೆ ಇಲ್ಲೇ ಇದೆ ಅಂತ ಯಾರಾದ್ರೂ ಕೂಗಿ ಹೇಳ್ತಾರಾ? ಜಾಗ ನೋಡಬೇಕು, ಸಂದರ್ಭ ನೋಡಬೇಕು. ಅವತ್ತು ಗಲಾಟೆ, ಬಿಸಿಲು, ಪಾತ್ರೆ ಸದ್ದು. ಗಲಾಟೆಯಲ್ಲಿ ಒಂದು ದೀರ್ಘ ಯಾರಿಗೆ ಕೇಳಿಸತ್ತೆ?

ಇನ್ನೊಂದು ಕಡೆ ಕ್ಲಿಪ್ಪು ತೆಗೀತೀನಿ. ಇದೂ ತುಕ್ಕು.

ಏನಾದ್ರೂ ಹೇಳಿ ಭಟ್ರೇ. ಸುಳ್ಳುಗಾರ ಅನ್ನಿ. ಅಂದ್ಬಿಡಿ, ನನಗೂ ಜಗಳಾಡೋದಕ್ಕೆ ಅನುಕೂಲ ಆಗತ್ತೆ. ಜಗಳ ಆಡಿ ಗೆದ್ದ ವ್ಯಾಪಾರ ನನಗೆ ಎಷ್ಟೋ ಇದೆ. ಹೀಗೆ ಕೂತವರ ಹತ್ರ ಏನು ಮಾಡೋದು ಅಂತ ನನಗೆ ಗೊತ್ತಿಲ್ಲ.

ಮೂವತ್ತು ವರ್ಷದಿಂದ ಹವ್ಯಕರ ಮನೆಗಳಿಗೆ ಪಾತ್ರೆ ಕೊಡ್ತಿದೀನಿ. ಹನ್ನೊಂದು ವರ್ಷ ನಿಮ್ಮ ಜೊತೆ ಒಂದೇ ವ್ಯಾನಲ್ಲಿ ಓಡಾಡಿದೀನಿ. 'ಉಪ್ಪು ಇದ್ದಾ ಶಿವರಾಮ?' 'ಇಲ್ಲೆ.' 'ಬತ್ತಾ?' 'ಬತ್ತಿಲ್ಲೆ,' ಬರಲ್ಲ ಅಂತ. ನಿದ್ದೆಗಣ್ಣಿನಲ್ಲಿ ಕೇಳಿದ್ರೂ ತಿಳಿಯತ್ತೆ ನನಗೆ. ಒಂದು ದಿನವೂ ತಪ್ಪಿಲ್ಲ. ಅವತ್ತು ಮಾತ್ರ ತಪ್ಪಿತು ಅಂದ್ರೆ ಸಾಗರದವರು ನಂಬಿದ್ರು. ನಗೋರು ಬೇಗ ನಂಬ್ತಾರೆ. ನೀವು ನಗಲಿಲ್ಲ.

ನೀವು ಇಲ್ಲೆ ಅಂದಿದ್ದು ನನಗೆ ಇಲ್ಲ ಅಂತಲೇ ಕೇಳಿಸಿತು.

ಫೋನು ಬಂತು. ಸರಿಯಾ? ಫೋನು ಬಂತು. ಒಂದು ವಾರದಿಂದ ಕಾಯ್ತಿದ್ದ ಫೋನು, ಈ ತೀರ್ಥಹಳ್ಳಿಯದ್ದೇ. ಎಡಗೈಯಲ್ಲಿ ಹುಳಿ ಪಾತ್ರೆಯ ಮುಚ್ಚಳ ಇತ್ತು, ಬಲಗೈ ಬಾಗಿಲು ಹಿಡಿದಿತ್ತು, ಫೋನು ಬಲಗಡೆ ಜೇಬಿನಲ್ಲಿತ್ತು. ಮುಚ್ಚಳ ಬಿಡಬಹುದಿತ್ತು. ಬಲಗೈ ಹೋಯ್ತು. ತಾನಾಗೇ ಹೋಯ್ತು, ನಾನು ಬೇಕಂತ...

ಬೇಕಂತ ಅಲ್ಲ. ಆದ್ರೆ ಗೊತ್ತಿದ್ದು. ಒಂದು ಕ್ಷಣ ನಿಲ್ಲತ್ತೆ ಬಾಗಿಲು, ಭಟ್ರು ಅಷ್ಟರಲ್ಲಿ ಕೈ ತೆಗೀತಾರೆ ಅಂದ್ಕೊಂಡೆ. ಹಾಗೆ ಎಷ್ಟೋ ಸಲ ಮಾಡಿದ್ದೆ, ನಿಮಗೆ ಗೊತ್ತಾಗಿರಲಿಲ್ಲ ಅಷ್ಟೇ.

ಇದೂ ಕೂತಿತು. ಟಕ್ ಅಂತು, ಕೇಳಿಸ್ತಾ? ಸಟ್ಟುಗ ತೆಗೀತೀನಿ ಈಗ. ನೋಡಿ. ನಿಂತಿದೆ. ಯಾರೂ ಹಿಡೀದೇ ನಿಂತಿದೆ. ಸಟ್ಟುಗ ನಿಮ್ಮದು, ಇಲ್ಲಿ ಗೋಡೆಗೆ ಒರಗಿಸ್ತೀನಿ.

ಸರಿ, ಆಯ್ತಲ್ಲ. ಹೇಳಿದೆ. ತಪ್ಪು ಒಪ್ಕೊಂಡೆ. ಇನ್ನಾದ್ರೂ ಬರ್ತೀನಿ ಅನ್ನಿ. ಆಸ್ಪತ್ರೆಯದ್ದೂ ಪೂರ್ತಿ ನಾನೇ ನೋಡ್ಕೊಂಡಿದೀನಿ, ಯಾವ ಧಣಿ ಮಾಡ್ತಾನೆ ಹೇಳಿ. ಮತ್ತೇನು ಬೇಕು?

...ಮತ್ತೇನು ಕೇಳ್ತಿದೀರಿ? ಇಷ್ಟೇ ಆಗಿದ್ದು. ಫೋನು ಬಂತು, ಕೈ ಬಿಟ್ಟೆ, ಬಾಗಿಲು ಬಿತ್ತು, ನಾನೇ ಓಡಿ ಬಂದು ಎತ್ತಿದೆ.

ಹಾಗೆ ತಲೆ ಆಡಿಸಬೇಡಿ.

ಶಿವರಾಮ ಹೇಳಿದ್ನಾ? ಅವನು ಅಲ್ವಾ? ಮತ್ತೆ... ನಿಮಗೇ ಕೇಳಿಸಿತಾ?

ಕೇಳಿಸಿರತ್ತೆ. ಶಾಮಿಯಾನದ ಬಟ್ಟೆ ತಾನೇ, ಗೋಡೆ ಅಲ್ವಲ್ಲ.

ಹೌದು, ಬಾಗಿಲು ಎತ್ತಿದ್ದು ಶಿವರಾಮ. ನಾನಲ್ಲ. ಊರಿಗೆಲ್ಲ ನಾನು ಎತ್ತಿದೆ ಅಂತ ಹೇಳಿದೀನಿ. ನೀವು ಕೂಗಿದ್ದು ಕೇಳಿಸಿತು ನನಗೆ. ಕೇಳಿಸಿದ್ದಕ್ಕೇ ಶಾಮಿಯಾನದ ಹಿಂದೆ ಹೋದೆ, ಆ ಕೂಗು ಫೋನಿಗೆ ಹೋಗಬಾರದು ಅಂತ. ರವಿಶಂಕರ ಕೇಳಿದ್ರು, ಏನದು ಶಬ್ದ? ಪಾತ್ರೆ ಬಿತ್ತು ಸ್ವಾಮಿ ಅಂದೆ. ಅಡುಗೆ ಗಿರಿಧರ ಭಟ್ರ ಕೈಯಿಂದಲೇ ತಾನೇ ಅಂದ್ರು. ಭಟ್ರ ಕೈಯೇ, ಖಾತ್ರಿ ಅಂದೆ. ಎಲೆಗೆ ಮುನ್ನೂರು ಕೊಡ್ತೀವಿ ಅಂದ್ರು. ಭಟ್ರ ಕೈ ಅಂದ್ರೆ ಮುನ್ನೂರೈವತ್ತು ಅಂದೆ. ಒಪ್ಪಿದ್ರು.

ನೀವು ಅಷ್ಟನ್ನೂ ಕೇಳಿಸಿಕೊಳ್ತಾ ಕೂತಿದ್ರಿ, ಅದೇ ಕೈ ಹಿಡ್ಕೊಂಡು.

ಮೂರು ವಾರ ನಾನು ಬಂದು ಹೋದಾಗೆಲ್ಲ ಇಲ್ಲೆ, ಇಲ್ಲೇ ಅಂತ ತಮಾಷೆ ಮಾಡಿದೆ. ನೀವು ಮಾಡೋಕೆ ಬಿಟ್ರಿ. ಬೈದಿದ್ರೆ ಅಲ್ಲಿಗೇ ನಿಲ್ತಿತ್ತು ಮಾರಾಯ್ರೆ.

ಮತ್ತೆ ಫೋನು. ಅವರೇ.

ಎತ್ತಲಾ? ...ಎತ್ತಬೇಕು ಅಂತೀರಾ. ನೀವು ಎದುರಿಗೆ ಕೂತು ಹಾಗೆ ನೋಡ್ತಿದ್ರೆ ನಾನು ಏನು ಹೇಳಲಿ? ಇದು ಎರಡು ಲಕ್ಷದ ಮಾತು ಭಟ್ರೇ. ಸರಿ. ಸರಿ, ತೆಗೀತೀನಿ.

ಹಲೋ. ನಮಸ್ಕಾರ ಸ್ವಾಮಿ. ಹೌದು, ಹೊಸನಗರದಲ್ಲೇ ಇದೀನಿ, ಭಟ್ರ ಮನೆಯಲ್ಲೇ. ಇಲ್ಲ, ತಯಾರಿ ಅಂದ್ರೆ... ಒಂದು ಮಾತು 
ಹೇಳೋದಿದೆ. ಭಟ್ರ ಕೈಗೆ ಪೆಟ್ಟಾಗಿದೆ. ಬಲಗೈ. ಎರಡು ಬೆರಳು. ಇಲ್ಲ ಸ್ವಾಮಿ, ಇವತ್ತಲ್ಲ, ಮೂರು ವಾರ ಆಯ್ತು. ಅವತ್ತು ನೀವು ಫೋನು ಮಾಡಿದಾಗ ಏನೋ ಬಿದ್ದ ಶಬ್ದ ಕೇಳಿದ್ರಲ್ಲ, ಪಾತ್ರೆ ಅಂದೆ ನಾನು. ಅದು ಪಾತ್ರೆ ಅಲ್ಲ. ವ್ಯಾನಿನ ಬಾಗಿಲು. ಬಿಟ್ಟಿದ್ದು ನಾನು. ನಿಮ್ಮ ಫೋನು ಎತ್ತೋದಕ್ಕೆ. ...ಹೌದು. ಹೌದು ಸ್ವಾಮಿ, ಅಡ್ವಾನ್ಸು ತಗೊಳ್ಳೋವಾಗಲೂ ಗೊತ್ತಿತ್ತು. ವಾಪಸ್ಸು ಕೊಡ್ತೀನಿ. ...ಆಯ್ತು. ...ಅದು ಬೇಡ ಸ್ವಾಮಿ, ಏನಿದ್ರೂ ನನ್ನ ಮೂಲಕವೇ... ಸರಿ. ಬರ್ಕೊಳ್ಳಿ, ಹೇಳ್ತೀನಿ.

ನಿಮ್ಮ ನಂಬರು ಕೇಳಿದ್ರು. ಕೊಟ್ಟೆ.

ಹನ್ನೊಂದು ವರ್ಷದಲ್ಲಿ ಒಂದು ಗಿರಾಕಿಗೂ ನಿಮ್ಮ ನಂಬರು ಕೊಟ್ಟವನಲ್ಲ ನಾನು. ಅಡುಗೆಯವರ ನಂಬರು ಗಿರಾಕಿ ಕೈಗೆ ಸಿಕ್ಕಿದ್ರೆ ನಮ್ಮಂಥವರ ಅಂಗಡಿ ಮುಚ್ಚಿದ ಹಾಗೆ. ಕೇಳಿದವರಿಗೆಲ್ಲ ಭಟ್ರ ಹತ್ರ ಫೋನೇ ಇಲ್ಲ ಅಂತಿದ್ದೆ. ಅದೂ ಗೊತ್ತಿತ್ತಾ ನಿಮಗೆ? ...ಗೊತ್ತಿರತ್ತೆ.

ನಿಮ್ಮ ಹತ್ರವೇ ಮಾತಾಡ್ತಾರಂತೆ. ಒಲೆ ಮುಂದೆ ಯಾರು ನಿಲ್ಲಬೇಕು, ಲಾಡು ಇರಬೇಕಾ ಬೇಡವಾ, ಎಲ್ಲ ನೀವು ಹೇಳಿದ ಹಾಗಂತೆ. ನಿಮಗೆ ಆಗಲ್ಲ ಅಂದ್ರೆ ಅದೂ ಸರಿಯಂತೆ. ಪಾತ್ರೆ ತೀರ್ಥಹಳ್ಳಿಯಲ್ಲೇ ಸಿಗತ್ತಂತೆ. ನಾನು ಬರೋದು ಬೇಡ ಅಂದ್ರು.

ಒಳಗೆ ನಿಮ್ಮ ಫೋನು ಬಡ್ಕೋತಿದೆ. ಮಹಾಲಕ್ಷ್ಮಮ್ಮ ತರ್ತಿದಾರೆ ನೋಡಿ. ತಗೊಳ್ಳಿ. ಎಡಗೈಯಲ್ಲಿ ಎತ್ತಿ.

ನೀವು ಮಾತಾಡಿ. ನನ್ನನ್ನ ನೋಡಬೇಡಿ, ನಾನು ಹೊರಟೆ. ಬಾಗಿಲೊಂದು ಹಾಕ್ಕೊಂಡು... ಬರ್ತಿಲ್ವಲ್ಲ ಇದು. ಹೊಸ ಶಾಕು, ಒಂದು ಕೈಗೆ ಬಗ್ಗಲ್ಲ ಅಂತದೆ. ಎರಡೂ ಕೈಯಲ್ಲಿ ಜೋತುಬಿದ್ರೆ ಮಾತ್ರ ಇಳಿಯತ್ತೆ ಅನ್ಸತ್ತೆ. ಎಲ್ಲ ಕೂಡಿ ಕಳೆದು ಇವತ್ತು ನನಗೆ ದಕ್ಕಿದ್ದು ಇದೊಂದು, ತಾನಾಗಿ ಬೀಳದ ಬಾಗಿಲು.